ಲಾರಿ ನಿಲ್ಲುವ ನೆಲ

ಜನವರಿ 18, ಗುರುವಾರ

ಕೂಸು ಮಲಗಿದೆ. ಉಸಿರಾಡುತ್ತಿದೆ. ಈಗಷ್ಟೇ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ. ನಾಲ್ಕು ಸಾಲು ಬರೆದು ಮತ್ತೆ ಹೋಗಿ ನೋಡಬೇಕು.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಪರೀಕ್ಷೆಯ ಹಿಂದಿನ ದಿನವೂ ಹಾಸಿಗೆಗೆ ಬಿದ್ದರೆ ಬೆಳಗಾದ ಮೇಲೇ ಏಳುತ್ತಿದ್ದವಳು ನಾನು. ಈಗ ಕೂಸು ಅತ್ತರೆ ಯಾಕೆ ಅಳುತ್ತಿದೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ನಿದ್ದೆಯೇ ಇಲ್ಲ. ಡಾಕ್ಟರಮ್ಮ, ‘ಮಾತ್ರೆ ಬೇಡ, ಹಾಲು ಕುಡಿಸ್ತಿದ್ದೀಯ. ಮನಸ್ಸಿಗೆ ಬಂದದ್ದು ಬರಿ’ ಅಂದರು. ಅದಕ್ಕೇ ಇದು. ಯಾರೂ ಓದುವ ಭಯವಿಲ್ಲ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಗಂಡ ಓದಿದ್ದು ಗೂಡಲೂರಿನ ತಮಿಳು ಶಾಲೆಯಲ್ಲಿ, ಕನ್ನಡ ಅಕ್ಷರ ಬಾರದು. ಅತ್ತೆ ಮಾವನಿಗೆ ಯಾವ ಅಕ್ಷರವೂ ಅಷ್ಟಕ್ಕಷ್ಟೆ. ಹಾಗಾಗಿ ಬಾಯಲ್ಲಿ ಯಾವತ್ತೂ ಹೇಳದ ಗಂಡನ ಹೆಸರನ್ನೂ ಇಲ್ಲಿ ಧೈರ್ಯವಾಗಿ ಬರೆಯಬಹುದು. ನಟರಾಜ. ನಟರಾಜ.

ಕೂಸಿಗೂ ಹೆಸರಿಟ್ಟಿದ್ದೇವೆ. ಅದನ್ನು ಮಾತ್ರ ಬರೆಯಲಾರೆ. ಇನ್ನೂ ಸ್ವಲ್ಪ ದಿನ ಹೋಗಲಿ.

ಇವತ್ತು ಜೆಸಿಬಿಗೆ ಅನುಮತಿ ಬಂತು. ಈ ಜಿಲ್ಲೆಯಲ್ಲಿ ಸರ್ಕಾರ ಒಪ್ಪದೆ ಯಂತ್ರ ಹಚ್ಚಿ ಗುಡ್ಡ ಕಡಿಯುವ ಹಾಗಿಲ್ಲ. ನಟರಾಜ ಊಟಿಗೆ ಅಲೆದು ಅಲೆದು ಸೋತಿದ್ದರು. ಮಾವ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ, ‘ಬಂತಲ್ಲ ಬುಡು. ಮಳೆ ಹಿಡಿಯದ್ರೊಳ್ಗೆ ನೆಲ ಗಟ್ಟಿ ಮಾಡ್ಬುಟ್ರೆ ಗೆದ್ದಂಗೆ’ ಅಂದರು.

ಮೈಸೂರು ರಸ್ತೆಯ ಕಾಡಿನ ಗೇಟು ರಾತ್ರಿ ಮುಚ್ಚುತ್ತದೆ. ಹೊತ್ತು ಮೀರಿ ಬಂದ ಲಾರಿಗಳೆಲ್ಲ ನಮ್ಮ ತೊರಪಳ್ಳಿಯಲ್ಲೇ ಬೆಳಗಿನವರೆಗೆ ಬಿದ್ದಿರಬೇಕು. ರಸ್ತೆಯ ಬದಿಯಲ್ಲಿ ನಿಂತರೆ ಕೋಸು, ಬಾಳೆಗೊನೆಯ ವಾಸನೆಗೆ ಆನೆ ಬರುತ್ತದೆ. ಆನೆ ಬಾರದಿದ್ದರೆ ಪೊಲೀಸರು ಬರುತ್ತಾರೆ. ನಮ್ಮ ಊಟದ ಹೋಟೆಲಿನ ಹಿಂದಿನ ಜಮೀನನ್ನು ಮಟ್ಟ ಮಾಡಿ, ಕಲ್ಲು ಹಾಸಿ, ಸುತ್ತ ಬೇಲಿ ಕಟ್ಟಿದರೆ ಲಾರಿಗಳೂ ನೆಮ್ಮದಿಯಾಗಿ ನಿಲ್ಲುತ್ತವೆ, ಡ್ರೈವರುಗಳೂ ನಮ್ಮಲ್ಲೇ ಉಣ್ಣುತ್ತಾರೆ. ಇದು ಮಾವನ ಬಹಳ ದಿನದ ಯೋಚನೆ.

ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಇಲ್ಲಿ ಬರೆದಿಡುತ್ತೇನೆ. ಆ ಜಮೀನಿನಲ್ಲಿ ಎಲ್ಲೋ ನನ್ನ ಮೊದಲನೆಯವನಿದ್ದಾನೆ. ಹೆಸರಿಡುವ ಮೊದಲೇ ಹೋದವನು. ಹೆಸರಿಡದ ಕೂಸಿಗೆ ಇವರಲ್ಲಿ ಕಲ್ಲು ನೆಡುವುದಿಲ್ಲ, ಹೆತ್ತವಳಿಗೆ ಜಾಗ ತೋರಿಸುವುದಿಲ್ಲ. ತೋರಿಸಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಕೂಸಿಗೆ ದಾರಿ ಬಿಡುವುದಿಲ್ಲ ಎನ್ನುತ್ತಾರೆ. ನಾನು ಆಗ ಆಸ್ಪತ್ರೆಯ ಮಂಚದಲ್ಲಿದ್ದೆ. ಮಾವ ಅವನನ್ನು ಟವೆಲಿನಲ್ಲಿ ಸುತ್ತಿ ಜೀಪಿನಲ್ಲಿ ಊರಿಗೆ ತಂದರು.

ನಾನೇ ಒಂದು ಜಾಗ ಗೊತ್ತುಮಾಡಿಕೊಂಡಿದ್ದೇನೆ. ಹಾಲುವಾಣದ ಮರದ ಬುಡ. ಅತ್ತೆ ಅಲ್ಲಿ ಆಡು ಕಟ್ಟಿದ್ದನ್ನು ನೋಡಿಲ್ಲ, ಅದಕ್ಕೆ.

ಹೋಗಿ ನೋಡಿ ಬಂದೆ. ಉಸಿರಾಡುತ್ತಿದೆ.


ಜನವರಿ 21, ಭಾನುವಾರ

ಹಿತ್ತಿಲಲ್ಲಿ ಹಾವಿನ ಪೊರೆ ಸಿಕ್ಕಿತು. ನಂಜಿ ಅದನ್ನು ಕೋಲಿನ ತುದಿಯಲ್ಲಿ ನೇತುಹಾಕಿಕೊಂಡು ಅಡುಗೆಮನೆಯವರೆಗೂ ತಂದಳು. ನಂಜಿ ಕಾಡಂಚಿನ ಹಾಡಿಯವಳು, ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳ ಗಂಡ ಜಡಯ ಅರಣ್ಯ ಇಲಾಖೆಯ ಕೂಲಿ. ಈಗ ಬೆಂಕಿಯ ಕಾಲವಾದ್ದರಿಂದ ಕಾಡಿನೊಳಗಿನ ಕ್ಯಾಂಪಿನಲ್ಲೇ ಇರುತ್ತಾನೆ.

‘ನೋಡಕ್ಕ, ನಿನ್ನ ಮದುವೆ ಸೀರೆಗಿಂತ ಉದ್ದ ಐತೆ.’

‘ಹೊರಗೆ ಬಿಸಾಕು ನಂಜಿ.’

‘ಹಾವು ಹೋಯ್ತು, ಅಂಗಿ ಬಿಟ್ಟೋಯ್ತು. ಅಂಗಿ ಕಚ್ಚಾದಿಲ್ಲ ಅಕ್ಕ.’

ನಗು ಬರಲಿಲ್ಲ. ಜಮೀನಿನ ನಡುವೆ ಆಳೆತ್ತರದ ಹುತ್ತವಿದೆ. ಯಂತ್ರ ನೆಲ ನಡುಗಿಸಿದರೆ ಅದರೊಳಗಿನದ್ದು ಹೊರಗೆ ಬಂದು ಮನೆಯೊಳಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ತೊಟ್ಟಿಲಿರುವುದು ಹಿಂದಿನ ಕೋಣೆಯಲ್ಲಿ. ಬಾಗಿಲ ಸಂದಿಗೆಲ್ಲ ಹಳೆಯ ಬಟ್ಟೆ ತುರುಕಿದೆ. ಊಟದ ಹೊತ್ತಿನಲ್ಲಿ ಹೇಳಿಯೇಬಿಟ್ಟೆ, ಮೊದಲು ಹುತ್ತ ತೆಗೆಸಿ, ಆಮೇಲೆ ಬೇರೆ ಕೆಲಸ.

ಅತ್ತೆ ಮುದ್ದೆ ತಿರುವುವ ಕೋಲನ್ನು ಹಾಗೇ ನಿಲ್ಲಿಸಿದರು. ‘ಹುತ್ತಕ್ಕೆ ಮಾತ್ರ ಕೈ ಹಾಕ್ಬ್ಯಾಡಿ ಕನವ್ವ. ಲಾರಿ ಬೇಕಾದ್ರೆ ಸುತ್ಕಂಡು ಹೋಗ್ಲಿ.’

‘ಹುತ್ತ ಕಟ್ಟೋದು ಗೆದ್ದಲು ಅತ್ತೆ. ಹಾವಲ್ಲ.’

‘ಓದ್ದೋಳು, ಸರಿಯಾಗೇ ಹೇಳ್ದೆ. ಗೆದ್ದಲು ಕಟ್ತದೆ, ನಾಗಪ್ಪ ಸಂಸಾರ ಮಾಡ್ತಾನೆ. ಬಾಡಿಗೆ ಮನೆ ಇದ್ದಂಗೆ.’

ಮಾವ ನಕ್ಕರು. ನಟರಾಜ ನಕ್ಕರು. ನನಗೆ ತಡೆಯಲಾಗಲಿಲ್ಲ. ‘ಈ ಕೂಸಿಗೂ ಏನಾದ್ರೂ ಆದ್ರೆ?’ ಅಂದೆ.

ಆ ‘ಈ ಕೂಸಿಗೂ’ ಅಂದದ್ದಕ್ಕೆ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನಟರಾಜ, ‘ತೆಗೆಸ್ತೀನಿ’ ಅಂದರು. ಅತ್ತೆ ಉಣ್ಣದೆಯೇ ಎದ್ದುಹೋದರು.


ಜನವರಿ 24, ಬುಧವಾರ

ಹುತ್ತ ಹೋಯಿತು.

ಜೆಸಿಬಿಯ ಸುಧಾಕರನ್ ನಿಲಂಬೂರಿನವನು, ಕನ್ನಡ ಮಲಯಾಳ ಎರಡನ್ನೂ ಕಲಸಿಯೇ ಮಾತಾಡುತ್ತಾನೆ. ಪೊದೆಯನ್ನೆಲ್ಲ ಬಾಚಿ ಎಳೆದವನು ಹುತ್ತದ ಎದುರು ಬಂದು ಎಂಜಿನ್ ಆರಿಸಿಬಿಟ್ಟ.

‘ಚೇಚಿ, ಇದನ್ನು ನಾನು ಮುಟ್ಟಲ್ಲ. ನನಗೂ ಎರಡು ಮಕ್ಕಳುಂಟು.’

‘ನನಗೂ ಮಗು ಇದೆ. ಅದಕ್ಕೇ ತೆಗೀರಿ ಅಂತಿರೋದು.’

‘ಎನ್ನಾಲ್, ಹಾಗಾದ್ರೆ ಒಂದು ತೆಂಗಿನಕಾಯಿ ತನ್ನಿ. ಪಾಪ ನನ್ನ ಮೇಲೆ ಬೇಡ, ಯಂತ್ರದ ಮೇಲೆ ಇರಲಿ.’

ಅತ್ತೆ ಕಾಯಿ ಕೊಡಲಿಲ್ಲ. ಹೋಟೆಲಿನ ಚಟ್ನಿಗೆ ಇಟ್ಟಿದ್ದನ್ನು ನಾನೇ ತಂದೆ. ಅವನು ಯಂತ್ರದ ಹಲ್ಲಿಗೆ ಒಡೆದು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಒಂದೇ ಸಲಕ್ಕೆ ತಳ್ಳಿದ.

ಒಳಗೆ ಹಾವಿರಲಿಲ್ಲ. ಒಣಗಿದ ಜೇನುಹಲ್ಲೆಯ ಹಾಗೆ ಬರೀ ತೂತು, ಬೆಳಕಿಗೆ ಓಡಾಡುವ ಬಿಳಿ ಹುಳ. ಒಂದು ಥರ ಹಳೆಯ ಅಕ್ಕಿಯ ವಾಸನೆ. ಸುಧಾಕರನ್ ಆ ಮಣ್ಣನ್ನು ಕೆಳಗಿನ ತಗ್ಗಿಗೆ ಹರಡಿ, ಮೇಲೆ ಹಿಂದೆಮುಂದೆ ಓಡಾಡಿಸಿದ. ಹುತ್ತದ ಮಣ್ಣು ಅಂದರೆ ಸಿಮೆಂಟಿನ ಹಾಗೆ ಕೂರುತ್ತದಂತೆ. ಮೇಲಿನ ದಿಬ್ಬವನ್ನು ಕೆರೆದು ತೆಗೆದ ಕರಿಮಣ್ಣನ್ನು ಗೋಪಾಲನ್ ಎಂಬವರು ತಮ್ಮ ಶುಂಠಿ ಹೊಲಕ್ಕೆಂದು ಟ್ರ್ಯಾಕ್ಟರಿನಲ್ಲಿ ಹೊತ್ತುಕೊಂಡು ಹೋದರು. ಒಳ್ಳೆಯ ಮಣ್ಣು, ಲಾರಿಯ ಭಾರಕ್ಕೆ ಆಗದು. ಮೆತ್ತಗಿರುವುದೆಲ್ಲ ಹೋಗಬೇಕು, ಗಟ್ಟಿ ನೆಲ ಸಿಗುವವರೆಗೆ ತೆಗೆಯುತ್ತಲೇ ಇರಬೇಕು, ಇದು ಈ ಕೆಲಸದ ಪಾಠ.

ಮಧ್ಯಾಹ್ನ ಕೂಸಿನ ಪಕ್ಕ ಒರಗಿದವಳಿಗೆ ಕಣ್ಣು ಹತ್ತಿತು. ಹೆಚ್ಚಲ್ಲ. ಆದರೂ ನಿದ್ದೆಯೇ. ಎದ್ದಾಗ ಬೆಚ್ಚಿ ಮೂಗು ಮುಟ್ಟಿ ನೋಡಿದೆ.


ಜನವರಿ 30, ಮಂಗಳವಾರ

ಇವತ್ತು ನೆಲಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದರು. ಎಲ್ಲಿಯವರೆಗೆ ಅಗೆಯಬೇಕು, ಎಲ್ಲಿ ಕಲ್ಲು ಹಾಸಬೇಕು, ನೀರು ಹರಿಯುವ ಚರಂಡಿ ಎಲ್ಲಿ, ಎಲ್ಲ.

ಹಾಲುವಾಣ ಉಳಿಯಬೇಕು ಅಂದೆ. ಕಾರಣ ಕೇಳಿದರೆ ಬಟ್ಟೆ ಒಣಹಾಕಲು ನೆರಳು ಅಂದೆ. ಬಟ್ಟೆಗೆ ನೆರಳು ಯಾಕೆ ಎಂದು ಯಾರೂ ಕೇಳಲಿಲ್ಲ. ಮಾವ ಮೇಲಿನ ಮೂಲೆಯ ಹಲಸಿನ ಮರದ ಸುತ್ತ ಗೆರೆಯನ್ನು ಬಳಸಿ ಎಳೆಸಿದರು. ಆ ಮರ ಕಾಯಿ ಬಿಟ್ಟು ಎಷ್ಟು ಕಾಲವಾಯಿತೋ. ಅತ್ತೆ ಕರಿಬೇವಿನ ಗಿಡದ ಮುಂದೆ ಕಾಲು ಚಾಚಿ ಕೂತೇ ಬಿಟ್ಟರು. ಹೋಟೆಲಿಗೆ ಬೇಕು ಅಂತೆ. ಹೋಟೆಲಿನ ಮುಂದೆ ಅದರಪ್ಪನಂಥ ಗಿಡ ಇನ್ನೊಂದಿದೆ. ನಟರಾಜ ಮಾತ್ರ ಏನೂ ಕೇಳುವುದಿಲ್ಲ ಅಂದುಕೊಂಡಿದ್ದೆ. ಅವರೂ ಹಳೆಯ ನೀರಿನ ತೊಟ್ಟಿ ಒಡೆಯುವುದು ಬೇಡ, ಅದರ ಪಕ್ಕದ ನೆಲ ಹಾಗೇ ಇರಲಿ ಅಂದರು.

ಸುಧಾಕರನ್ ಸೊಂಟದ ಮೇಲೆ ಕೈಯಿಟ್ಟು ನೋಡಿದ. ‘ಇದು ಲಾರಿ ಸ್ಟ್ಯಾಂಡೋ, ಇಲಿ ಕಚ್ಚಿದ ಪತ್ತಿರಿ ರೊಟ್ಟಿಯೋ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, ಗೆರೆ ಬಳಸಿಹೋದ ಜಾಗಗಳನ್ನು ಒಂದೊಂದಾಗಿ ಎಣಿಸಿದೆ.

ಕೂಸು ಇವತ್ತು ಬೋರಲು ಬಿತ್ತಂತೆ, ಮೊದಲ ಸಲ. ಅತ್ತೆ ನೋಡಿದರು. ನಾನು ಹಿತ್ತಿಲಲ್ಲಿದ್ದೆ.


ಫೆಬ್ರವರಿ 1, ಗುರುವಾರ

ಕೇಳಿದೆ. ಅತ್ತೆ ಅವರೆಕಾಳು ಸುಲಿಯುತ್ತಿದ್ದರು. ಎದುರು ಕೂತು ನಾನೂ ಸುಲಿಯುತ್ತ, ಮುಖ ನೋಡದೆ ಕೇಳಿದೆ.

‘ಅತ್ತೆ, ಕರಿಬೇವಿನ ಹತ್ರನಾ ಅವನು?’

‘ಅದೆಲ್ಲ ಕೇಳಬಾರದು ಕನವ್ವ.’

‘ನಾಡಿದ್ದು ಅಲ್ಲೆಲ್ಲ ಅಗೀತಾರೆ ಅತ್ತೆ. ಈಗಲ್ಲದೆ ಇನ್ಯಾವಾಗ ಕೇಳ್ಲಿ?’

ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದರು. ಆಮೇಲೆ, ತಮಗೂ ಯಾರೂ ತೋರಿಸಿಲ್ಲ ಅಂದರು. ಆ ಸಂಜೆ ಮಾವ ಕೈಕಾಲು ತೊಳೆಯಲು ಬಂದಾಗ ಮೈಗೆ ಕರಿಬೇವಿನ ಎಲೆ ಅಂಟಿತ್ತಂತೆ. ಅಷ್ಟೇ. ಅವತ್ತಿನಿಂದ ಆ ಗಿಡದ ಬುಡಕ್ಕೆ ಬಚ್ಚಲ ನೀರು ಹೋಗದ ಹಾಗೆ ನೋಡಿಕೊಂಡಿದ್ದಾರೆ. ಎಲೆಯನ್ನೂ ಕಿತ್ತಿಲ್ಲ. ಹೋಟೆಲಿಗೆ ಬೇಕಾದ ಎಲೆ ಮುಂದಿನ ಗಿಡದ್ದು.

ನಟರಾಜರನ್ನು ಕೇಳಿದೆ. ಅವರು ಅವತ್ತು ನನ್ನ ಜೊತೆ ಆಸ್ಪತ್ರೆಯಲ್ಲಿದ್ದವರು. ಮಾರನೆಯ ದಿನ ಮನೆಗೆ ಬಂದಾಗ ತೊಟ್ಟಿಯ ಪಕ್ಕ ಗುದ್ದಲಿ ಒರಗಿಸಿಟ್ಟಿತ್ತಂತೆ. ‘ಅಲ್ಲೇ ಇರಬೇಕು ಅಂದ್ಕಂಡೆ. ಅಪ್ಪನ್ನ ಹೆಂಗ್ ಕೇಳೋದು?’ ಅಂದರು. ಅಮಾವಾಸ್ಯೆ ಬಂದರೆ ಅಲ್ಲಿ ಹೋಗಿ ಸುಮ್ಮನೆ ನಿಂತು ಬರುತ್ತಾರಂತೆ. ನಾನು ಬೀಡಿ ಸೇದಲು ಹೋಗುತ್ತಾರೆ ಎಂದು ಜಗಳವಾಡಿದ್ದೆ.

ಒಂದೇ ಮನೆಯಲ್ಲಿ ಇಷ್ಟು ಜನ, ಒಬ್ಬೊಬ್ಬರು ಒಂದೊಂದು ಜಾಗವನ್ನು ಕಾಯುತ್ತಿದ್ದೆವು. ಇನ್ನು ಉಳಿದವರು ಮಾವ ಒಬ್ಬರೇ. ಅವರಿಗೆ ಗೊತ್ತಿರಲೇಬೇಕು, ತಂದವರು ಅವರೇ.


ಫೆಬ್ರವರಿ 2

ಮಾವನಿಗೂ ಗೊತ್ತಿಲ್ಲ.

ಒಲೆಯ ಮುಂದೆ ನಿಂತು ಕೇಳಿದೆ. ಸೊಸೆ ಹಾಗೆ ಎದುರು ನಿಂತು ಕೇಳಬಾರದು. ಕೇಳಿದೆ. ಅವರು ಸೌದೆಯನ್ನು ಒಳಗೆ ತಳ್ಳುತ್ತಲೇ ಇದ್ದರು.

‘ಜಡಯನ ಕೈಗೆ ಕೊಟ್ಟೆ ಕನವ್ವ. ಹಲಸಿನ ಮರದ ತಾವ ನಿಂತ್ಕಂಡು ಕೊಟ್ಟೆ. ಹಾಲಿನ ಲೋಟನೂ ಕೊಟ್ಟೆ. ತಾತ ಆದವನು ಹಾಕೋದು ನೋಡಬಾರದು ಅಂತಾರೆ. ನಾನು ಮರಕ್ಕೆ ಮುಖ ಮಾಡಿ ನಿಂತ್ಕಂಡೆ. ಅವನು ಕರೆದಾಗ ತಿರುಗ್ದೆ. ಮಳೆ ಬೇರೆ. ಎಲ್ಲಿ ಅಂತ ಕೇಳ್ನಿಲ್ಲ.’

ಇನ್ನೊಂದು ಸೌದೆ ತಳ್ಳಿ, ‘ಗೊತ್ತಾದ್ರೆ ಬಾಯ್ತಪ್ಪಿ ನಿನ್ನತ್ರ ಅಂದ್ಬುಡ್ತೀನೇನೋ ಅಂತ ಕೇಳ್ನಿಲ್ಲ’ ಅಂದರು.

ಅವರ ಕಣ್ಣಲ್ಲಿ ನೀರಿತ್ತು. ಹೊಗೆಯೂ ಇತ್ತು.

ನಂಜಿಯನ್ನು ಕೇಳಿದರೆ, ‘ನನಗೂ ಹೇಳಿಲ್ಲ ಅಕ್ಕ. ನಾ ಕೇಳೂ ಇಲ್ಲ’ ಅಂದಳು. ಜಡಯನಿಗೆ ಹೇಳಿಕಳಿಸುತ್ತಾಳಂತೆ. ಆ ಕಡೆ ಹೋಗುವ ಜೀಪು ಸಿಗಬೇಕು. ಕಾಡಿಗೆ ಫೋನು ಮುಟ್ಟುವುದಿಲ್ಲ.


ಫೆಬ್ರವರಿ 4, ಭಾನುವಾರ

ಜಡಯ ಬರಲಿಲ್ಲ. ಯಂತ್ರ ನಿಲ್ಲಿಸಿ ಎಂದು ನಟರಾಜರ ಕಾಲು ಹಿಡಿಯುವುದೊಂದು ಬಾಕಿ. ‘ಅನುಮತಿಯ ಅವಧಿ ಮುಗೀತದೆ ಶೋಭಾ. ಆಮೇಲೆ ಮತ್ತೆ ಊಟಿಗೆ ಅಲೀಬೇಕು. ಮಳೆ ಬಂದ್ಬುಟ್ರೆ ಇಷ್ಟು ಅಗೆದಿರೋ ಮಣ್ಣೆಲ್ಲ ಕೆಳಗಿನ ತೋಡಿಗೆ’ ಅಂದರು. ಅವರು ಹೇಳುವುದು ಸರಿಯೇ. ಸರಿಯಾಗಿರುವುದರಿಂದಲೇ ಜಗಳವಾಡಲೂ ಬರುವುದಿಲ್ಲ.

ಸುಧಾಕರನ್ ತೊಟ್ಟಿಯ ಬದಿಯಿಂದ ಶುರು ಮಾಡುತ್ತೇನೆ, ನಿಧಾನವಾಗಿ ಮಾಡುತ್ತೇನೆ ಅಂದ. ಅವನಿಗೆ ಯಾರೋ ಹೇಳಿರಬೇಕು. ಪ್ರತಿ ಸಲ ಬಕೆಟ್ಟು ಎತ್ತುವಾಗಲೂ ಎದ್ದು ನಿಂತು ಒಳಗೆ ನೋಡುತ್ತಾನೆ. ನಾನೂ ನೋಡುತ್ತೇನೆ. ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಒಂದು ಸಲ ಬಿಳಿಯದೇನೋ ಕಂಡು ಓಡಿದೆ. ಬೇರು.

ಅತ್ತೆ ಕೂಸಿಗೆ ಡಬ್ಬದ ಹಾಲು ಕಲಸಿ ಕೊಟ್ಟರಂತೆ. ನನ್ನಲ್ಲಿ ಕಡಿಮೆಯಾಗಿದೆ. ಆಗಲಿ.


ಫೆಬ್ರವರಿ 5

ಬರಲಿಲ್ಲ. ಅಗೆಯಲು ಅಡ್ಡ ಎಂದು ತೊಟ್ಟಿ ಒಡೆದರು. ನಟರಾಜ ಅಲ್ಲಿರಲಿಲ್ಲ. ಕೂನೂರಿಗೆ ಹೋಗಬೇಕಾದ ಕೆಲಸ ಇವತ್ತೇ ಬಂತು.


ಫೆಬ್ರವರಿ 7, ಬುಧವಾರ

ಬಂದ.

ಮಧ್ಯಾಹ್ನ, ಹೋಟೆಲಿನ ಊಟದ ಗದ್ದಲ ಮುಗಿದ ಮೇಲೆ. ಮೈಯೆಲ್ಲ ಬೂದಿ, ರೆಪ್ಪೆಯ ಮೇಲೂ ಬೂದಿ. ಕುಡಿಯಲು ಮಜ್ಜಿಗೆ ಕೊಟ್ಟೆವು. ಯಾಕೆ ಕರೆಸಿದ್ದು ಎಂದು ನಂಜಿ ಆಗಲೇ ಹೇಳಿದ್ದಳು. ಅವನು ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹಿಂದಕ್ಕೆ ನಡೆದ. ನಾವೆಲ್ಲ ಅವನ ಹಿಂದೆ. ನಾನು, ಮಾವ, ಕೂಸನ್ನು ಎತ್ತಿಕೊಂಡ ಅತ್ತೆ, ನಟರಾಜ, ನಂಜಿ. ಸುಧಾಕರನ್ ಯಂತ್ರ ಆರಿಸಿ ಕೆಳಗಿಳಿದು ನಿಂತ.

ನಾನು ಮನಸ್ಸಿನಲ್ಲೇ ಹಾಲುವಾಣ, ಹಾಲುವಾಣ ಎನ್ನುತ್ತಿದ್ದೆ. ಜಡಯ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಲಸನ್ನು ದಾಟಿದ, ಕರಿಬೇವನ್ನು ದಾಟಿದ. ತೆರೆದ ನೆಲದ ನಡುವೆ ಬಂದು ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಲ್ಲಿ ಇರಬೇಕಾದದ್ದನ್ನು ಮುಟ್ಟುವ ಹಾಗೆ ಗಾಳಿಯಲ್ಲಿ ಇಟ್ಟ.

‘ಹುತ್ತ ಎಲ್ಲಿ?’

ಮಾವ ಮಟ್ಟವಾದ ನೆಲದ ಕಡೆ ಕೈ ತೋರಿಸಿದರು.

‘ಹುತ್ತದ ಪಕ್ಕ ಇಟ್ಟಿದ್ದೆ. ಹಂದಿ ಅಗೀಬಾರದು ಅಂತ ಕಲ್ಲು ಮುಚ್ಚಿದ್ದೆ. ಹುತ್ತ ಆದ್ರೆ ಯಾರೂ ಗುದ್ದಲಿ ಹಾಕಲ್ಲ. ಯಾವ ಕಾಲಕ್ಕೂ ಹಾಕಲ್ಲ. ಅದಕ್ಕೇ ಅಲ್ಲಿ ಇಟ್ಟೆ.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ‘ಹುತ್ತ ಯಾರು ತೆಗೆಸಿದ್ದು?’

ನಾನು ಅತ್ತೆಯ ಕೈಯಲ್ಲಿದ್ದ ಕೂಸಿನ ಕಡೆ ನೋಡಿದೆ. ಸುಧಾಕರನ್ ನೆಲ ನೋಡುತ್ತಿದ್ದ.

‘ನಾನೇ ಕನ ಜಡಯ’ ಅಂದರು ಅತ್ತೆ. ‘ಹಾವಿನ ಪೊರೆ ನೋಡಿ ಹೆದರ್ಕಂಡೆ. ಮನೇಲಿ ಎಳೆ ಕೂಸದೆ. ನಾನೇ ತೆಗೆಸ್ದೆ.’

ಜಡಯ ಅವರನ್ನು ನೋಡಿದ. ಆಮೇಲೆ ನನ್ನನ್ನು. ಇಷ್ಟು ವರ್ಷದಿಂದ ಹುತ್ತಕ್ಕೆ ಹಾಲೆರೆದ ನಮ್ಮತ್ತೆ ಬಂಗಾರಮ್ಮನನ್ನು ಅವನು ನೋಡಿಲ್ಲವೆ? ಆದರೂ ‘ಆಯ್ತಮ್ಮ’ ಅಂದ, ಅಷ್ಟೇ.

ಹುತ್ತದ ಯಾವ ಕಡೆ ಎಂದು ನಾನು ಕೇಳಿದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಮೇಲಿನ ಕಡೆಯಾಗಿದ್ದರೆ ಆ ಮಣ್ಣನ್ನು ಕೆರೆದಾಗಿತ್ತು, ಅದು ಗೋಪಾಲನ್ ಅವರ ಶುಂಠಿ ಹೊಲಕ್ಕೆ ಹೋಗಿತ್ತು. ಕೆಳಗಿನ ತಗ್ಗಾಗಿದ್ದರೆ ಅದರ ಮೇಲೆ ಹುತ್ತದ ಮಣ್ಣೇ ಬಿದ್ದಿತ್ತು, ಅವನು ಇನ್ನೂ ಒಳಗಿದ್ದ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗತಾನೇ ಬಂದ ಜಡಯನೂ ನೆಲವನ್ನು ಒಮ್ಮೆ ನೋಡಿ ಅಷ್ಟನ್ನೂ ತಿಳಿದುಕೊಂಡಿರಬೇಕು.

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ.

‘ಕೆಳಗಡೆ ಅಕ್ಕ’ ಅಂದ. ‘ಕೆಳಗಡೆನೇ.’

ನಾನು ಮತ್ತೆ ಕೇಳಲಿಲ್ಲ.


ಫೆಬ್ರವರಿ 8

ಇವತ್ತು ಬರೆಯುವುದೇನೂ ಇಲ್ಲ.


ಫೆಬ್ರವರಿ 16, ಶುಕ್ರವಾರ

ಕಲ್ಲು ಬಂತು. ಯಂತ್ರ ಹೋಯಿತು. ಸುಧಾಕರನ್ ಹೋಗುವಾಗ ಕೂಸಿನ ಕೈಗೆ ಒಂದು ಗಿಲಕಿ ಕೊಟ್ಟ. ನನ್ನ ಜೊತೆ ಮಾತಾಡಲಿಲ್ಲ. ಅತ್ತೆಗೆ ಕೈಮುಗಿದ.

ತಳಕ್ಕೆ ದಪ್ಪ ಕಲ್ಲನ್ನು ಕೈಯಲ್ಲೇ ಒಂದೊಂದಾಗಿ ನಿಲ್ಲಿಸಿ ಜೋಡಿಸಬೇಕು, ಸಂದಿಗೆ ಸಣ್ಣದನ್ನು ಬಡಿಯಬೇಕು. ನಂಜಿ, ಅವಳ ಹಾಡಿಯ ಹೆಂಗಸರು ಜೋಡಿಸುತ್ತಿದ್ದಾರೆ. ಇನ್ನು ಹುತ್ತದ ಮಾತು ಯಾರೂ ಆಡುವುದಿಲ್ಲ. ಸುಣ್ಣದ ಗೆರೆಯಲ್ಲಿದ್ದ ಮೂಲೆಗಳನ್ನೆಲ್ಲ ನೇರ ಮಾಡಿಬಿಟ್ಟರು. ಕರಿಬೇವು ಹೋಯಿತು, ಹಲಸು ಹೋಯಿತು. ಹಾಲುವಾಣವನ್ನು ಕಡಿಯುವಾಗ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ.

ನಂಜಿ ತಗ್ಗಿನ ಕಡೆ ಕಲ್ಲಿಡುವಾಗ ಮಾತ್ರ ಬೇರೆ ಹೆಂಗಸರನ್ನು ಬಿಡುವುದಿಲ್ಲ, ತಾನೇ ಇಡುತ್ತಾಳೆ. ಎಲ್ಲ ಕಡೆ ಕಲ್ಲನ್ನು ಧೊಪ್ಪೆಂದು ಎಸೆಯುವವಳು ಅಲ್ಲಿ ಕೂತು, ಎರಡೂ ಕೈಯಲ್ಲಿ ಇಡುತ್ತಾಳೆ. ಹಾಗಾದರೆ ಜಡಯ ಹೇಳಿದ್ದು ನಿಜ. ಇಲ್ಲವೆ, ಅವನು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ್ದಾನೆ.


ಫೆಬ್ರವರಿ 27, ಮಂಗಳವಾರ

ಜಲ್ಲಿ, ಅದರ ಮೇಲೆ ಕಲ್ಲುಪುಡಿ, ನೀರು, ಮತ್ತೆ ರೋಲರ್. ಮನೆಯ ಪಾತ್ರೆಗಳೆಲ್ಲ ಗಡಗಡ ಅನ್ನುತ್ತವೆ. ತೊಟ್ಟಿಲು ಕೂಡ ತಾನೇ ತೂಗುತ್ತದೆ. ಅತ್ತೆ, ‘ನೋಡವ್ವ, ತೂಗಾಕೆ ಆಳು ಬ್ಯಾಡ’ ಅಂದರು. ಬಹಳ ದಿನದ ಮೇಲೆ ಅವರ ಬಾಯಲ್ಲಿ ಇಂಥ ಮಾತು.

‘ಯಾಕೆ ಹಾಗಂದ್ರಿ ಅತ್ತೆ, ಅವತ್ತು? ಜಡಯನ ಮುಂದೆ?’

ಅವರು ಕೂಸಿನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ‘ಇನ್ನೇನನ್ನಲಿ?’

‘ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?’

‘ಅದೆ. ಇಲ್ದೆ ಏನು? ಒಂದು ಜಾಗ ತೋರ್ಸಿದ್ರೆ ನೀ ಯಾಕೆ ಹುತ್ತ ಕೆಡಿಸ್ತಿದ್ದೆ? ತೋರಿಸ್ಬ್ಯಾಡಿ ಅಂತ ಅಂದಿದ್ದು ನಾನು. ನಮ್ಮತ್ತೆನೂ ನನಗೆ ತೋರಿಸ್ನಿಲ್ಲ.’

ಬಟ್ಟಲಿನ ಎಣ್ಣೆಗೆ ಬೆರಳು ಅದ್ದಿದರು. ನಾನು ಕೇಳುವ ಮೊದಲೇ ಅವರು, ‘ನಟರಾಜಂಗೆ ಮುಂಚೆ ಒಂದು ಹೆಣ್ಣು. ಗುಂಡ್ಲುಪೇಟೆಲಿ’ ಅಂದರು. ಮತ್ತೆ ಎಣ್ಣೆ ಹಚ್ಚತೊಡಗಿದರು. ‘ತಕ್ಕ, ಕೂಸ್ನ. ನಂಗೆ ಸೊಂಟ ಹಿಡ್ಕತು.’

ತೆಗೆದುಕೊಂಡೆ. ಮೈ ಜಾರುತ್ತಿತ್ತು, ಗಟ್ಟಿಯಾಗಿ ಹಿಡಿದುಕೊಂಡೆ. ಎಷ್ಟು ತೂಕ ಬಂದಿದ್ದಾಳೆ! ಯಾವಾಗ ಬಂತೋ ಗೊತ್ತೇ ಆಗಲಿಲ್ಲ.


ಮಾರ್ಚ್ 12, ಮಂಗಳವಾರ

ನಿನ್ನೆ ಸಂಜೆ ಮೊದಲ ಲಾರಿ ಬಂತು.

ಮಾವ ಎರಡು ದಿನದಿಂದ ಎಲ್ಲಿ ಯಾವ ಗಾಡಿ ನಿಲ್ಲಬೇಕು ಎಂದು ಕೋಲು ಹಿಡಿದು ನಟರಾಜರಿಗೆ ತೋರಿಸುತ್ತಿದ್ದರು. ತಗ್ಗಿದ್ದ ಕಡೆ ಖಾಲಿ ಡ್ರಮ್ಮುಗಳನ್ನು ಸಾಲಾಗಿ ಇಡಿಸಿದ್ದರು. ಯಾಕೆ ಎಂದು ನಟರಾಜ ಕೇಳಲಿಲ್ಲ. ಈಗ ಎಲ್ಲ ಒಂದೇ ಮಟ್ಟ, ಬೂದುಬಣ್ಣ. ಯಾವುದು ತಗ್ಗಿತ್ತು, ಯಾವುದು ದಿಬ್ಬವಿತ್ತು ಎಂದು ಹೊಸಬರಿಗೆ ಹೇಳಿದರೂ ನಂಬುವುದಿಲ್ಲ. ಡ್ರಮ್ಮುಗಳಿಲ್ಲದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಲಾರಿ ಬಂದಾಗ ಮಾವ ಒಲೆಯ ಹತ್ತಿರ, ನಟರಾಜ ಅಂಗಡಿಗೆ. ನಾನು ಭುವನಾಳನ್ನು ಎತ್ತಿಕೊಂಡು ಹಿಂದಿನ ಬಾಗಿಲಲ್ಲಿ ನಿಂತಿದ್ದೆ. ಮೇಲೆ ಹಗ್ಗ ಬಿಗಿದ ಕ್ಯಾರೆಟ್ ಮೂಟೆಗಳು. ನೆಲಕ್ಕೆ ಇಳಿದಾಗ ಟೈರಿನ ಕೆಳಗೆ ಪುಡಿ ಚರಚರ ಅಂದಿತು, ನೆಲ ಅಲುಗಲಿಲ್ಲ. ಚಾಲಕ ತಲೆ ಹೊರಗೆ ಹಾಕಿದ. ವಯಸ್ಸಾದವನು, ಸೋಲೂರಿನ ಕಡೆಯವನಿರಬೇಕು, ಮಾತು ಬಡಗರದು.

‘ಅವ್ವೆ, ವಂಡಿ ಎಲ್ಲಿ ಹಾಕ್ಲಿ? ಆ ಡ್ರಮ್ಮು ಯಾರದು?’

ನಮ್ಮದೇ ಎಂದು ಹೇಳಬೇಕಾಗಿತ್ತು. ಅಲ್ಲಿ ಬೇಡ ಎಂದೂ ಹೇಳಬಹುದಾಗಿತ್ತು. ಇನ್ನೂ ಎಷ್ಟು ವರ್ಷ ಡ್ರಮ್ಮು ಇಡುತ್ತಾರೆ ಮಾವ? ಅವರ ನಂತರ ಯಾರು ಇಡುತ್ತಾರೆ?

‘ತೆಗೆದು ಪಕ್ಕಕ್ಕಿಡಿ ಅಣ್ಣ. ಎಲ್ಲಿ ಬೇಕಾದ್ರೂ ನಿಲ್ಲಿಸಿ.’

ಅವನು ಅಲ್ಲೇ ನಿಲ್ಲಿಸಿದ, ಸಾಲು ಸರಿಯಾಗಲಿ ಎಂದು. ಎಂಜಿನ್ ಆರಿದ ಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ ಭುವನಾ ಕತ್ತು ತಿರುಗಿಸಿ ನೋಡಿದಳು. ಊಟ ಮುಗಿಸಿ ಬಂದವನು ಕ್ಯಾಬಿನ್ನಿನೊಳಗೆ ಮಲಗಲಿಲ್ಲ. ಚಾಪೆ ತೆಗೆದು, ಲಾರಿಯ ಕೆಳಗೆ ನುಗ್ಗಿ ಹಾಸಿಕೊಂಡ. ಮಾವ ಬಂದು ನೋಡಿದವರು ಬಾಯಿ ತೆರೆದು, ನನ್ನ ಮುಖ ನೋಡಿ ಒಳಗೆ ಹೋದರು.

‘ಅಲ್ಲಿ ಯಾಕೆ ಅಣ್ಣ? ಚಳಿ ಆಗಲ್ವಾ?’ ಅಂದೆ.

‘ಇಲ್ಲ ಅವ್ವೆ. ಹಗಲೆಲ್ಲ ಬಿಸಿಲು ಕುಡಿದೈತೆ ಕಲ್ಲು. ಬೆಚ್ಚಗೈತೆ. ಒಳ್ಳೆ ನಿದ್ದೆ ಬತ್ತದೆ.’

ಹೋಗಿ ಮಂಡಿಯೂರಿ ಅಂಗೈ ಇಟ್ಟು ನೋಡಿದೆ. ನಿಜ. ಬೆಚ್ಚಗಿತ್ತು. ಭುವನಾ ಕೂಡ ಬಗ್ಗಿ ಕೈ ಚಾಚಿದಳು. ಇಷ್ಟು ದಿನ ಅವಳನ್ನು ನೆಲಕ್ಕೆ ಬಿಡದೆ ಇದ್ದ ನಾನು ಯಾಕೋ ತಡೆಯಲಿಲ್ಲ. ಪುಟ್ಟ ಅಂಗೈಯನ್ನು ಅಗಲವಾಗಿ ಊರಿ, ತಟ್ಟಿ, ಏನೋ ಹೇಳಿದಳು. ಕೆಳಗಿದ್ದ ಮನುಷ್ಯ ಆಗಲೇ ಗೊರಕೆ ಹೊಡೆಯುತ್ತಿದ್ದ.

ಬೆಳಗಾಗುವ ಹೊತ್ತಿಗೆ ಲಾರಿ ಹೋಗಿತ್ತು. ಹೋದ ಸದ್ದು ನನಗೆ ಕೇಳಿಸಲೇ ಇಲ್ಲ. ಎದ್ದು ನೋಡಿದರೆ ಬಿಸಿಲು ಕಿಟಕಿಯವರೆಗೆ ಬಂದಿದೆ, ಮಾವ ಡ್ರಮ್ಮುಗಳನ್ನು ಬೇಲಿಯ ಪಕ್ಕಕ್ಕೆ ಉರುಳಿಸುತ್ತಿದ್ದಾರೆ.

ಭುವನಾ ಎದ್ದಳು. ಅಳುತ್ತಿದ್ದಾಳೆ. ಎದೆ ಭಾರವಾಗಿದೆ, ಹಾಲು ಕೊಡಬೇಕು.